ಹೆಸರು ಪರ್ಷಿಯಾದ್ದು, ರೂಪ ಯುರೋಪಿನದು

ಅಕ್ಕಲಕೋಟ: ಬೆಕ್ಕೋ, ಅರಳೆಯ ಉಂಡೆಯೋ ಎಂದು ಕೇಳುವಂತಿರುತ್ತದೆ ಪರ್ಷಿಯನ್ ಬೆಕ್ಕು. ದುಂಡು ಮುಖ, ಚಪ್ಪಟೆ ಮೂಗು, ಗಿಡ್ಡ ಕಾಲು, ಮೈತುಂಬ ರೇಷ್ಮೆಯಂಥ ಉದ್ದ ಕೂದಲು. ಸ್ವಭಾವ ಬಲು ಸೌಮ್ಯ. ನಮ್ಮ ನಾಡಬೆಕ್ಕಿನ ಹಾಗೆ ಮಾಳಿಗೆಯಿಂದ ಮಾಳಿಗೆಗೆ ಜಿಗಿಯುವ ಪೈಕಿ ಅಲ್ಲ. ಇದ್ದಲ್ಲೇ ಹಾಯಾಗಿ ಮಲಗುವ ಜಾತಿ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1620ರ ಸುಮಾರಿಗೆ ಪರ್ಷಿಯಾದಿಂದ ಬರೆದ ಪತ್ರದಲ್ಲಿ ಖೊರಾಸಾನದ ಉದ್ದಗೂದಲ ಬೆಕ್ಕುಗಳನ್ನು ಬಣ್ಣಿಸಿದ್ದಾನೆ. 1623ರಲ್ಲಿ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನನ್ನು ಕಂಡವನೂ ಇವನೇ! ಮುಂದೆ ಇಂಗ್ಲೆಂಡಿನವರು ಈ ತಳಿಯನ್ನು ತಮಗೆ ಬೇಕಾದಂತೆ ತಿದ್ದಿದರು. ಇಂದಿನ ಪರ್ಷಿಯನ್ ಬೆಕ್ಕು ರಕ್ತಸಂಬಂಧದಲ್ಲಿ ಪಶ್ಚಿಮ ಯುರೋಪಿನ ಬೆಕ್ಕುಗಳಿಗೇ ಹತ್ತಿರ ಎಂದು 2008ರ ವಂಶವಾಹಿ ಸಂಶೋಧನೆಯೊಂದು ತೋರಿಸಿದೆ.

ತಂಪು ನಾಡಿನಲ್ಲಿ ರೂಪುಗೊಂಡ ಈ ಮೈಗೆ ಸೊಲ್ಲಾಪುರ ಜಿಲ್ಲೆಯ 40 ಡಿಗ್ರಿ ದಾಟುವ ಬ್ಯಾಸಗಿ ತಡಕೊಳ್ಳೂದು ಕಷ್ಟ ನೋಡ್ರಿ. ಮೂಗು ಚಪ್ಪಟೆಯಾದಷ್ಟೂ ಉಸಿರಾಟಕ್ಕೆ ತ್ರಾಸು, ಕಣ್ಣಲ್ಲಿ ಸದಾ ನೀರು. ದಿನಾಲೂ ಹಣಿಗೆಯಿಂದ ಬಾಚದಿದ್ದರೆ ಕೂದಲು ಗಂಟುಗಟ್ಟುತ್ತದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆ ಏಳುವ ಆನುವಂಶಿಕ ರೋಗವೂ ಈ ತಳಿಯಲ್ಲಿ ಹೆಚ್ಚು. ಆದ್ದರಿಂದ ಮರಿ ಕೊಳ್ಳುವವರು ತೀರಾ ಚಪ್ಪಟೆ ಮೂಗಿನದನ್ನು ಬಿಟ್ಟು, ತಂದೆತಾಯಿಯ ಆರೋಗ್ಯ ಕೇಳಿಯೇ ತರಬೇಕು. ಬಿಸಿಲಿನಲ್ಲಿ ಬಾಯಿ ತೆರೆದು ತೇಕತೊಡಗಿದರೆ ಮೊದಲು ನೆರಳಿಗೆ ಒಯ್ದು, ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.

ಚಂದ ಅದ ಅಂತ ತಂದು ತಗಡಿನ ಮನಿಯೊಳಗ ಕೂಡಿ ಹಾಕಬ್ಯಾಡ್ರಿ. ತಂಪು ಕೋಣೆ, ದಿನಕ್ಕೊಂದಿಷ್ಟು ಪುರಸೊತ್ತು ಇಲ್ಲದವರಿಗೆ ನಮ್ಮ ಓಣಿಯ ಬೆಕ್ಕೇ ಲೇಸು.