ಕಿಟಕಿಯ ಬೆಳಕು, ಹೂದಾನಿಯ ಹೂವು

ನಮ್ಮ ಮನೆಗಳಲ್ಲಿ ಹೂವಿಗೆ ಸಲ್ಲುವ ಜಾಗಗಳು ಎರಡೇ: ದೇವರ ಪಟ, ಇಲ್ಲವೇ ಅಮ್ಮನ ಮುಡಿ. ಹೂದಾನಿ ಆಮೇಲೆ ಬಂದ ಅತಿಥಿ. ಆದುದರಿಂದ ಫೋಟೋ ತೆಗೆಯುವ ಹವ್ಯಾಸವಿದ್ದರೆ ಪೂಜೆಯ ಹೂವಿಗೆ ಕೈಹಾಕದೆ, ನಿಮ್ಮ ಪಾಲಿನದನ್ನು ನೀವೇ ಕೊಂಡುತನ್ನಿ. ಕಲ್ಯಾಣದ ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ, ದಾದರ್ ಸ್ಟೇಷನ್ ಪಕ್ಕದ ಹೂವಿನ ಪೇಟೆಯಲ್ಲಿ ಮುಂಜಾನೆ ತಾಜಾ ಹೂವು ಸಿಗುತ್ತದೆ. ಮನೆಗೆ ಬಂದೊಡನೆ ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತುಹಾಕಿ. ನೀರನ್ನು ದಿನವೂ ಬದಲಿಸಿ.

ಡೊಂಬಿವಲಿಯ ಒಂದು ರೂಮ್-ಕಿಚನ್ ಮನೆಯಲ್ಲಿ ಸ್ಟುಡಿಯೋ ಎಲ್ಲಿಂದ ಬರಬೇಕು ಎನ್ನುವಿರಾ? ಝೆಕ್ ಛಾಯಾಗ್ರಾಹಕ ಜೋಸೆಫ್ ಸುಡೆಕ್ ಮೊದಲನೆಯ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. 1940ರಿಂದ 1954ರವರೆಗೆ ಪ್ರಾಗ್ ನಗರದ ತಮ್ಮ ಪುಟ್ಟ ಸ್ಟುಡಿಯೋದ ಕಿಟಕಿಯನ್ನೇ ಮತ್ತೆ ಮತ್ತೆ ಚಿತ್ರಿಸಿದರು. ಗಾಜಿನ ಲೋಟದಲ್ಲಿಟ್ಟ ಗುಲಾಬಿಯ 1956ರ ಅವರ ಚಿತ್ರ ಇಂದಿಗೂ ಪ್ರಸಿದ್ಧ. ಒಂದು ಕಿಟಕಿ ಅವರಿಗೆ ಸಾಕಾಗಿತ್ತು!

ನಿಮ್ಮ ಕಿಟಕಿಯೂ ಸಾಕು. ಹೂದಾನಿಯನ್ನು ಕಿಟಕಿಯ ಪಕ್ಕಕ್ಕಿಟ್ಟು ಟ್ಯೂಬ್‌ಲೈಟ್ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಬಣ್ಣ ಕೆಡುತ್ತದೆ. ಬಿಸಿಲು ನೇರವಾಗಿ ಬಿದ್ದರೆ ಗ್ರಿಲ್ಲಿನ ನೆರಳು ಪಟ್ಟೆ ಪಟ್ಟೆಯಾಗಿ ಮೂಡೀತು. ಬಿಳಿಯ ತೆಳು ಪರದೆ ಎಳೆಯಿರಿ. ಮಳೆಗಾಲದ ಮೋಡವಂತೂ ತಾನೇ ಒಂದು ಪರದೆ. ನೆರಳಿನ ಬದಿಗೆ ಬಿಳಿ ಕಾಗದ ನಿಲ್ಲಿಸಿದರೆ ಆ ಕಡೆಯ ದಳಗಳೂ ಕಾಣುತ್ತವೆ. ಬಿಳಿ ಹೂವು ಚೌಕಟ್ಟನ್ನು ತುಂಬಿದರೆ ಕ್ಯಾಮೆರಾ ಅದನ್ನು ಬೂದುಬಣ್ಣಕ್ಕೆ ಇಳಿಸುತ್ತದೆ. ಬೆಳಕನ್ನು ಸ್ವಲ್ಪ ಹೆಚ್ಚಿಸಿ. ಕಡುಗೆಂಪು ಗುಲಾಬಿಗೆ ಸ್ವಲ್ಪ ತಗ್ಗಿಸಿ, ಇಲ್ಲವಾದರೆ ದಳಗಳ ಮಡಿಕೆ ಮಾಯವಾಗುತ್ತದೆ. ಮೊಬೈಲನ್ನು ಪುಸ್ತಕಗಳ ಮೇಲೆ ಆನಿಸಿಟ್ಟರೆ ಕೈ ನಡುಗುವ ಭಯವಿಲ್ಲ.

ಆರಂಭಕ್ಕೆ ಸುಗಂಧರಾಜದ ಒಂದೇ ದಂಟು ಸಾಕು. ಅದರ ಮೊಗ್ಗುಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುತ್ತವೆ. ಅದೇ ಜಾಗ, ಅದೇ ಹೊತ್ತು, ದಿನಕ್ಕೊಂದು ಚಿತ್ರ ತೆಗೆಯಿರಿ. ಮೇಲಿನವು ಅರಳುವಾಗ ಕೆಳಗಿನವು ಬಾಡಿರುತ್ತವೆ. ಬಾಡಿದ್ದನ್ನೂ ಬಿಡಬೇಡಿ, ಅದೂ ಹೂವಿನ ಬಾಳೇ ತಾನೇ?

ಇನ್ನೊಂದು ಮಾತು. ಠಾಣೆ, ನವಿ ಮುಂಬಯಿಯಲ್ಲಿ ಬೆಳೆದ ನಿಮಗೆ ಇದು ‘ನಿಶಿಗಂಧ’, ಚೆಂಡುಹೂವು ‘ಝೆಂಡು’, ಕನಕಾಂಬರ ‘ಅಬೋಲಿ’. ತಪ್ಪೇನಿಲ್ಲ, ಈ ನೆಲದ ಮಾತೂ ನಿಮ್ಮದೇ. ಆದರೆ ಪ್ರತಿ ಚಿತ್ರದ ಕೆಳಗೆ ಕನ್ನಡದ ಹೆಸರನ್ನೂ ಬರೆಯಿರಿ. ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿ. ಕರಾವಳಿಯ ಅಜ್ಜಿ ಕನಕಾಂಬರವನ್ನು ‘ಅಬ್ಬಲಿಗೆ’ ಎಂದಾರು, ಚೆಂಡುಹೂವನ್ನು ‘ಗೊಂಡೆ’ ಎಂದಾರು. ಅದನ್ನೂ ಬರೆದುಕೊಳ್ಳಿ. ಹೂವು ನಾಳೆಯೂ ಪೇಟೆಗೆ ಬರುತ್ತದೆ. ಅಜ್ಜಿಯ ಬಾಯಲ್ಲಿರುವ ಹೆಸರನ್ನು ಮಾತ್ರ ಅವರಿರುವಾಗಲೇ ಕೇಳಿಕೊಳ್ಳಬೇಕು.