ಕಬ್ಬಿನ ಗದ್ದೆಯಲ್ಲೂ ಏಳು ಮನೆ

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಈ ಸ್ವಭಾವ ಮನೆಬೆಕ್ಕಿಗಷ್ಟೇ ಸೀಮಿತವಲ್ಲವೆಂಬುದು ನನಗೆ ಮನವರಿಕೆಯಾದದ್ದು ನಿವೃತ್ತಿಯ ಅನಂತರ, ಬೀಳಗಿ ಸಮೀಪದ ಬಂಧುವೊಬ್ಬರ ಕಬ್ಬಿನ ಗದ್ದೆಯಲ್ಲಿ.

ಕಟಾವಿನ ವೇಳೆ ಮೂರು ಮರಿಗಳು ಕಂಡವು. ಮೈಮೇಲಿನ ಮಸುಕು ಪಟ್ಟೆಗಳನ್ನು ನೋಡಿ ಹುಡುಗರು ಚಿರತೆ ಮರಿಗಳೆಂದು ಗುಲ್ಲೆಬ್ಬಿಸಿದರು. ಅವು ಕಾಡುಬೆಕ್ಕಿನ ಮರಿಗಳು. ಮನೆಗೊಯ್ದು ಹಾಲು ಕುಡಿಸೋಣವೆಂದು ನಾನೂ ದನಿಗೂಡಿಸಿದೆ. ಕಟಾವು ಗ್ಯಾಂಗಿನ ಹಿರಿಯ ಮಹಿಳೆಯೊಬ್ಬರು ತಡೆದರು: ‘ಮುಟ್ಟಬ್ಯಾಡ್ರಿ ಸಾಹೇಬ್ರ, ಇದೂ ಏಳ ಮನಿ ತಿರಗೂ ಜಾತಿನ. ಕತ್ತಲಾದ ಮ್ಯಾಲ ತಾಯಿ ಬರತೈತಿ.’ ನಾಲ್ಕು ಸಾಲು ಕಬ್ಬು ಉಳಿಸಿ ಬಂದೆವು. ಮರುದಿನ ಮರಿಗಳಿರಲಿಲ್ಲ, ಹಸಿ ಮಣ್ಣಿನಲ್ಲಿ ಬೆಕ್ಕಿನ ಹೆಜ್ಜೆಗಳಿದ್ದವು.

ಆಕೆಯ ಮಾತಿಗೆ ಶಾಸ್ತ್ರದ ಆಧಾರವೂ ಉಂಟು. ಕಾಡುಬೆಕ್ಕು ಒಂಟಿಜೀವಿ. ತಾಯಿಯೊಬ್ಬಳೇ ಮರಿಗಳನ್ನು ಸಾಕಬೇಕು. ಬೇಟೆಗಾಗಿ ಅವುಗಳನ್ನು ಬಿಟ್ಟು ಹೋಗಲೇಬೇಕು. ಆದ್ದರಿಂದ ಒಂಟಿಯಾಗಿ ಕಂಡ ಮರಿಗಳೆಲ್ಲ ಅನಾಥವಲ್ಲ. ಬೇಟೆಯ ವಿದ್ಯೆಯನ್ನು ಕಲಿಸುವವಳೂ ತಾಯಿಯೇ. ಮನೆಬೆಕ್ಕು ಅರೆಜೀವದ ಇಲಿಯನ್ನು ಮರಿಗಳ ಮುಂದೆ ಬಿಡುವುದು ಇದೇ ಪಾಠ. ನಮ್ಮ ಬುಟ್ಟಿಯಲ್ಲಿ ಬೆಳೆದ ಕಾಡಿನ ಮರಿಗೆ ಈ ಪಾಠ ತಪ್ಪುತ್ತದೆ. ಹಸುವಿನ ಹಾಲೂ ಅದಕ್ಕೆ ಒಗ್ಗುವುದಿಲ್ಲ.

ಮನೆಬೆಕ್ಕಿನ ಪೂರ್ವಜ ಬೇರೆಯೇ ಪ್ರಭೇದದ್ದು, ಆಫ್ರಿಕಾದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲಿ ಹೂಳಲಾದ ಬೆಕ್ಕಿನ ಅವಶೇಷವನ್ನು 2004ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಕಣಜದ ಇಲಿಗಳೇ ಬೆಕ್ಕನ್ನು ನಮ್ಮ ಹೊಸ್ತಿಲಿಗೆ ಕರೆತಂದವೆಂಬುದು ವಿದ್ವಾಂಸರ ಬಹುಕಾಲದ ಅಭಿಪ್ರಾಯ. ಕಬ್ಬಿನ ಮರೆಗೆ ಬರುವ ಕಾಡುಬೆಕ್ಕಿಗೂ ಇಲಿಯೇ ಮುಖ್ಯ ಆಹಾರ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಇದು ರೈತನ ಖರ್ಚಿನ ಪಟ್ಟಿಯಲ್ಲಿ ಎಲ್ಲಿಯೂ ನಮೂದಾಗದ ದುಡಿಮೆ.

ಬೀಳಗಿ–ಮುಧೋಳ ಸೀಮೆಯಲ್ಲಿ ಚಿಂಕಾರಗಳಿಗಾಗಿ ಯಡಹಳ್ಳಿ ವನ್ಯಜೀವಿಧಾಮವಿದೆ. ಆದರೆ ಕಾಡುಬೆಕ್ಕಿಗೆ ಗಡಿಕಲ್ಲುಗಳ ಪರಿವೆಯಿಲ್ಲ. ನಮ್ಮ ಬೆಳೆಯೇ ಅದರ ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕೆ ಅಲ್ಲಿಯೂ ಉಂಟು. ಆದರೆ ಕಟಾವಾದೊಡನೆ ರವದಿಗೆ ಬೆಂಕಿಯಿಟ್ಟರೆ, ತಾಯಿ ಮರಳುವಷ್ಟರಲ್ಲಿ ಉಳಿಯುವುದು ಬೂದಿ ಮಾತ್ರ.

ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಕಬ್ಬಿನಲ್ಲಿ ಸಿಕ್ಕ ಚಿರತೆ ಮರಿಗಳನ್ನು ಅರಣ್ಯ ಸಿಬ್ಬಂದಿ ಸಿಕ್ಕಲ್ಲೇ ಮರಳಿ ಇರಿಸಿ, ರಾತ್ರಿ ತಾಯಿ ಒಯ್ಯುವಂತೆ ಮಾಡಿದ ನಿದರ್ಶನಗಳು ಅನೇಕ. ಚಿರತೆಗೆ ತೋರುವ ಈ ತಾಳ್ಮೆ ಬೆಕ್ಕಿಗೂ ಸಲ್ಲಬೇಕು. ಕೆಲವು ಸಾಲು ಕಬ್ಬು, ಒಂದು ರಾತ್ರಿಯ ಬಿಡುವು, ಬೆಂಕಿಯಿಡದ ಸಂಯಮ: ಇಷ್ಟೇ ಅದರ ಬೆಲೆ. ಕರುಣೆಯೆಂದರೆ ಸದಾ ಎತ್ತಿಕೊಳ್ಳುವುದಲ್ಲ. ಕೆಲವೊಮ್ಮೆ ಕೈಕಟ್ಟಿ ದೂರ ನಿಲ್ಲುವುದೂ ಹೌದು. ಅಧಿಕಾರದಲ್ಲಿದ್ದಾಗ ಕಲಿಯದ ಈ ಪಾಠವನ್ನು ನನಗೆ ಕಲಿಸಿದವರು ಕಬ್ಬು ಕಡಿಯುವ ಆ ಹೆಣ್ಣುಮಗಳು.