ಟಿಕೆಟ್ ಕೊಂಡರೆ ಚಂದ್ರಲೋಕವೇ?

ಯಲ್ದೂರಿನಂಥ ಊರಿನಲ್ಲಿ ವಿಜ್ಞಾನ ಪಾಠ ಹೇಳುವವರಿಗೆ ಮಕ್ಕಳಿಂದ ಆಗಾಗ ಒಂದು ಪ್ರಶ್ನೆ ಎದುರಾಗುತ್ತದೆ: ‘ಸಾರ್, ದುಡ್ಡಿದ್ದರೆ ಯಾರು ಬೇಕಾದರೂ ಬಾಹ್ಯಾಕಾಶಕ್ಕೆ ಹೋಗಿಬರಬಹುದಂತೆ, ನಿಜವೇ?’ ಇದು ಪಠ್ಯಪುಸ್ತಕದಿಂದ ಹುಟ್ಟಿದ ಪ್ರಶ್ನೆಯಲ್ಲ, ಸಿನಿಮಾ ಹುಟ್ಟಿಸಿದ್ದು. ಗಡಿನಾಡಾದ ನಮ್ಮ ಕಡೆ ಕನ್ನಡದ ಜೊತೆಗೆ ತೆಲುಗು, ತಮಿಳು ಚಿತ್ರಗಳನ್ನೂ ಜನ ಮುಗಿಬಿದ್ದು ನೋಡುತ್ತಾರೆ. 2018ರ ಒಂದೇ ವರ್ಷದಲ್ಲಿ ತಮಿಳಿನ ‘ಟಿಕ್ ಟಿಕ್ ಟಿಕ್’, ತೆಲುಗಿನ ‘ಅಂತರಿಕ್ಷಂ 9000 ಕೆಎಂಪಿಎಚ್’ ಎರಡೂ ಬಂದವು. ನಾಯಕ ಪೋಷಾಕು ತೊಟ್ಟ, ಗುಂಡಿ ಒತ್ತಿದ, ಹಾರಿದ. ಮಕ್ಕಳ ಕಣ್ಣಿಗೆ ಅದು ಮುಳಬಾಗಿಲಿನ ಬಸ್ಸು ಹತ್ತಿದಷ್ಟೇ ಸಲೀಸು.

ಆ ಪ್ರಶ್ನೆಗೆ ‘ಹೌದು’ ಎಂದರೂ ಅರ್ಧ ಸತ್ಯ, ‘ಇಲ್ಲ’ ಎಂದರೂ ಅರ್ಧ ಸತ್ಯ.

ಫಿರಂಗಿಯಿಂದ ವಿಮಾನದವರೆಗೆ

ಬಾಹ್ಯಾಕಾಶಕ್ಕೆ ಮನುಷ್ಯನಿಗಿಂತ ಮೊದಲು ಹೋದದ್ದು ಸಿನಿಮಾ. 1902ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ತಮ್ಮ ಮೂಕಿಚಿತ್ರದಲ್ಲಿ ಪಂಡಿತರ ತಂಡವೊಂದನ್ನು ಫಿರಂಗಿಯ ಗುಂಡಿನೊಳಗೆ ಕೂರಿಸಿ ಚಂದ್ರನ ಕಣ್ಣಿಗೇ ಹೊಡೆದರು. ನೋಡಲು ತಮಾಷೆ. ಆದರೆ ನಿಜವಾಗಿ ಹಾಗೆ ಸಿಡಿಸಿದರೆ ಒಳಗಿದ್ದವರು ಫಿರಂಗಿಯ ಬಾಯಿ ದಾಟುವ ಮೊದಲೇ ಅಪ್ಪಚ್ಚಿಯಾಗುತ್ತಿದ್ದರು. ಅಷ್ಟು ಹಠಾತ್ತಾದ ವೇಗೋತ್ಕರ್ಷವನ್ನು ಮನುಷ್ಯ ದೇಹ ತಾಳದು.

1929ರಲ್ಲಿ ಜರ್ಮನಿಯ ಫ್ರಿಟ್ಜ್ ಲ್ಯಾಂಗ್ ಚಂದ್ರಯಾನದ ಚಿತ್ರ ತೆಗೆದಾಗ ರಾಕೆಟ್ ವಿಜ್ಞಾನಿ ಹರ್ಮನ್ ಓಬರ್ತ್ ಅವರ ಸಲಹೆ ಪಡೆದರು. ಅಲ್ಲಿ ಹಂತ ಹಂತವಾಗಿ ಕಳಚಿಕೊಳ್ಳುವ ರಾಕೆಟ್ ಇತ್ತು. ಉಡಾವಣೆಗೆ ಮುನ್ನ ಅಂಕಿಗಳನ್ನು ಹಿಂದುಮುಂದಾಗಿ ಎಣಿಸುವ ಕ್ರಮವೂ ಇತ್ತು. ಇಂದು ಶ್ರೀಹರಿಕೋಟದಲ್ಲಿ ಕೇಳಿಬರುವ ಇಳಿಎಣಿಕೆಯನ್ನು ಜನಪ್ರಿಯಗೊಳಿಸಿದ್ದು ಆ ಚಿತ್ರವೇ!

1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ ಬಂತು. ಅದರಲ್ಲಿ ಅಮೆರಿಕದ ಪ್ಯಾನ್ ಆಮ್ ವಿಮಾನ ಸಂಸ್ಥೆಯ ಹೆಸರು ಹೊತ್ತ ನೌಕೆಯೊಳಗೆ ಪ್ರಯಾಣಿಕನೊಬ್ಬ ನಿದ್ದೆ ಹೋಗಿರುತ್ತಾನೆ, ಅವನ ಪೆನ್ನು ಗಾಳಿಯಲ್ಲಿ ತೇಲುತ್ತಿರುತ್ತದೆ. ಅದೇ ಕಾಲದಲ್ಲಿ ಪ್ಯಾನ್ ಆಮ್ ನಿಜವಾಗಿಯೂ ಚಂದ್ರಯಾತ್ರೆಗೆ ಹೆಸರು ಬರೆದುಕೊಂಡಿತು. 90 ಸಾವಿರಕ್ಕೂ ಹೆಚ್ಚು ಜನ ಸರದಿಯಲ್ಲಿ ನಿಂತರು. ಚಂದ್ರನಿಗೆ ಒಬ್ಬ ಪ್ರವಾಸಿಯನ್ನೂ ಒಯ್ಯದೆ 1991ರಲ್ಲಿ ಆ ಸಂಸ್ಥೆಯೇ ಮುಚ್ಚಿಹೋಯಿತು.

ಎತ್ತರ ದೊಡ್ಡದಲ್ಲ, ವೇಗ ದೊಡ್ಡದು

ಸಿನಿಮಾ ಮುಚ್ಚಿಡುವ ಗುಟ್ಟು ಇಲ್ಲಿದೆ. ಬಾಹ್ಯಾಕಾಶ ಬಹಳ ದೂರವೇನಿಲ್ಲ. ನೆಲದಿಂದ 100 ಕಿಲೋಮೀಟರ್ ಮೇಲಕ್ಕೆ ಹೋದರೆ ಅದರ ಗಡಿ ಎಂದು ಸಾಮಾನ್ಯವಾಗಿ ಲೆಕ್ಕ. ಹೆಚ್ಚುಕಡಿಮೆ ಶ್ರೀನಿವಾಸಪುರದಿಂದ ಬೆಂಗಳೂರಿಗೆ ಇರುವಷ್ಟು ದೂರ. ಕಷ್ಟವಿರುವುದು ಅಲ್ಲಿಗೆ ಹೋಗುವುದರಲ್ಲಲ್ಲ, ಅಲ್ಲಿ ಉಳಿಯುವುದರಲ್ಲಿ.

ಕೋಲಾರದ ಅಂತರಗಂಗೆ ಬೆಟ್ಟದ ಮೇಲಿಂದ ಒಂದು ಕಲ್ಲು ಎಸೆಯಿರಿ. ಬೆಟ್ಟದ ಬುಡಕ್ಕೆ ಬೀಳುತ್ತದೆ. ಇನ್ನೂ ಜೋರಾಗಿ ಎಸೆದರೆ ಇನ್ನೂ ದೂರ. ಗಾಳಿಯ ಅಡ್ಡಿಯೇ ಇಲ್ಲವೆಂದಿಟ್ಟುಕೊಂಡು ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಎಸೆದಿರಾದರೆ? ಕಲ್ಲು ಬೀಳುತ್ತಲೇ ಇರುತ್ತದೆ, ಆದರೆ ಭೂಮಿಯೂ ಅಷ್ಟೇ ಪ್ರಮಾಣದಲ್ಲಿ ಕೆಳಕ್ಕೆ ಬಾಗುತ್ತಾ ಹೋಗುತ್ತದೆ. ಕಲ್ಲು ನೆಲ ಮುಟ್ಟುವುದೇ ಇಲ್ಲ. ಇದೇ ಕಕ್ಷೆ. ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಗುರುತ್ವ ನೆಲದ ಮೇಲಿನದರ ಶೇಕಡಾ 90ರಷ್ಟು ಇದ್ದೇ ಇದೆ. ಅಲ್ಲಿರುವವರು ತೇಲುವುದು ಗುರುತ್ವ ಇಲ್ಲದ್ದರಿಂದಲ್ಲ, ನಿಲ್ದಾಣದ ಜೊತೆ ಸದಾ ಬೀಳುತ್ತಿರುವುದರಿಂದ! ತೆಲುಗು ಚಿತ್ರದ ಶೀರ್ಷಿಕೆಯ 9000 ಆ ಕಕ್ಷೆಗೆ ಏನೇನೂ ಸಾಲದು.

ಈ ಲೆಕ್ಕದಲ್ಲಿ ಪ್ರವಾಸಿಗರಲ್ಲೂ ಎರಡು ಬಗೆ. 2024ರ ಮೇ 19ರಂದು ವಿಜಯವಾಡ ಮೂಲದ ಗೋಪಿ ತೋಟಕೂರ ಬ್ಲೂ ಒರಿಜಿನ್ ಕಂಪನಿಯ ನೌಕೆಯಲ್ಲಿ ಹಾರಿ ಮೊದಲ ಭಾರತೀಯ ಬಾಹ್ಯಾಕಾಶ ಪ್ರವಾಸಿ ಎನಿಸಿದರು. ನೇರ ಮೇಲಕ್ಕೆ, ನೇರ ಕೆಳಕ್ಕೆ. ಎಲ್ಲ ಸೇರಿ ಹತ್ತು ನಿಮಿಷ. ಅಂಥ ನೌಕೆಯ ಗರಿಷ್ಠ ವೇಗ ಗಂಟೆಗೆ 3,600 ಕಿಲೋಮೀಟರ್ ಆಸುಪಾಸು. ಇನ್ನು 2001ರಲ್ಲಿ ಸುಮಾರು ಎರಡು ಕೋಟಿ ಡಾಲರ್ ತೆತ್ತು ರಷ್ಯಾದ ನೌಕೆ ಹತ್ತಿದ ಅಮೆರಿಕದ ಡೆನ್ನಿಸ್ ಟಿಟೊ ಕಕ್ಷೆ ಸೇರಿದರು, ತಿಂಗಳುಗಟ್ಟಲೆ ತರಬೇತಿ ಪಡೆದ ಮೇಲೆ. ವೇಗ ಎಂಟು ಪಟ್ಟಾದರೆ ಚಲನಶಕ್ತಿ ಅರವತ್ತನಾಲ್ಕು ಪಟ್ಟಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ಟಿಕೆಟ್ಟಿನ ದರ ಏರುವುದರ ಹಿಂದೆ ಮುಖ್ಯವಾಗಿ ಇರುವುದು ಈ ವರ್ಗದ ಲೆಕ್ಕವೇ.

ಟಿಕೆಟ್ ಇಲ್ಲದ ಬಾಗಿಲು

ಹಾಗಾದರೆ ಮಾವು, ಟೊಮೆಟೊ ಬೆಳೆಯುವವರ ಮಕ್ಕಳಿಗೆ ಈ ಬಾಗಿಲು ಮುಚ್ಚಿದಂತೆಯೇ? ಇಲ್ಲ. 1984ರಲ್ಲಿ ರಾಕೇಶ್ ಶರ್ಮ ಹೋದದ್ದು ಟಿಕೆಟ್ ಕೊಂಡಲ್ಲ. 2025ರ ಜೂನ್ 25ರಂದು ಹೊರಟ ಶುಭಾಂಶು ಶುಕ್ಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅವರ ಆಸನಕ್ಕೂ ಹಣ ತೆರಬೇಕಾಯಿತು ನಿಜ. ಆದರೆ ತೆತ್ತದ್ದು ದೇಶ, ಅರ್ಹತೆ ಅವರದು. ಅವರ ಜೊತೆ ಹೋದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದೂ ಒಂದಿತ್ತು: ತೇಲುವ ಸ್ಥಿತಿಯಲ್ಲಿ ಹೆಸರುಕಾಳು, ಮೆಂತ್ಯ ಹೇಗೆ ಮೊಳೆಯುತ್ತವೆ ಎಂಬ ಅಧ್ಯಯನ. ನಮ್ಮ ಅಡುಗೆಮನೆಯ ಕಾಳು ಕಕ್ಷೆ ಸೇರಿತು!

ಸಿನಿಮಾ ಕ್ಯಾಮೆರಾ ಆಸನದಲ್ಲಿ ಕೂತವನ ಮುಖದ ಮೇಲೇ ನಿಲ್ಲುತ್ತದೆ. ಕಾಳು ಆರಿಸಿದವರು, ಇಂಧನ ತೂಗಿದವರು, ಕಕ್ಷೆಯ ಲೆಕ್ಕ ಹಾಕಿದವರು ತೆರೆಗೆ ಬರುವುದು ಅಪರೂಪ. ಬಾಹ್ಯಾಕಾಶವೆಂದರೆ ಹಣವಂತರ ಆಸನ ಎಂದು ಹತ್ತು ವರ್ಷದ ಮಗು ತಿಳಿದುಕೊಂಡರೆ ಗಣಿತದ ಪುಸ್ತಕವನ್ನು ಆವತ್ತೇ ಮುಚ್ಚೀತು. ಆದ್ದರಿಂದ ಪೋಷಕರೇ, ಅಂಥ ಚಿತ್ರಗಳನ್ನು ಮಕ್ಕಳ ಜೊತೆ ಧಾರಾಳವಾಗಿ ನೋಡಿ. ನೋಡಿದ ಮೇಲೆ ಮೂರು ಪ್ರಶ್ನೆ ಕೇಳಿ: ನೌಕೆಯ ವೇಗ ಎಷ್ಟಿರಬೇಕಿತ್ತು? ಅವರು ತೇಲಿದ್ದೇಕೆ? ನಾಯಕನನ್ನು ಅಲ್ಲಿಗೆ ಕಳಿಸಿದವರು ಯಾರು ಯಾರು? ಮೂರನೆಯದಕ್ಕೆ ಉತ್ತರ ಹುಡುಕುವ ಮಗುವಿಗೆ ತನಗೂ ಅಲ್ಲೊಂದು ಕೆಲಸವಿದೆ ಎಂಬುದು ತಾನಾಗಿಯೇ ಹೊಳೆದೀತು.